ಆಡ್ತಾ ಆಡ್ತಾ ಆಟ ಹ್ಯಾಂಗ್ ಆಗುತ್ತಿದೆ: ನಿಮಗೆ ಹೀಗಾದಾಗ ಏನು ಮಾಡಿದಿರಿ?

ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ತಲೆ ಕೆಟ್ಟು ಕೆರ ಹಿಡಿದಿದೆ, ಅನುಭವ ಇದ್ದವರು ದಯವಿಟ್ಟು ಹೇಳಿ. ಒಂದು ದೊಡ್ಡ ಓಪನ್ ವರ್ಲ್ಡ್ ಆಟ ಆಡುತ್ತಿದ್ದೇನೆ. ಇಪ್ಪತ್ತು ನಿಮಿಷ, ಒಮ್ಮೊಮ್ಮೆ ಒಂದು ಗಂಟೆ ಚೆನ್ನಾಗಿಯೇ ಓಡುತ್ತೆ. ಆಮೇಲೆ ಇದ್ದಕ್ಕಿದ್ದಂತೆ ಚಿತ್ರ ನಿಂತುಬಿಡುತ್ತೆ, ಕೊನೆಯ ಸದ್ದು ಮಾತ್ರ ‘ಟರ್‌ರ್‌ರ್’ ಅಂತ ಸುತ್ತುತ್ತಲೇ ಇರುತ್ತೆ. ಮೌಸ್ ಇಲ್ಲ, ಕೀಬೋರ್ಡ್ ಇಲ್ಲ, ಪವರ್ ಬಟನ್ ಒತ್ತಿ ಹಿಡಿಯೋದೇ ಗತಿ. ಕೆಲವು ಸಲ ಹಾಗಾಗಲ್ಲ, ಆಟ ಮಾತ್ರ ಮುಚ್ಚಿಕೊಂಡು ಡೆಸ್ಕ್‌ಟಾಪ್ ಬರುತ್ತೆ. ಒಂದು ಎರರ್ ಮೆಸೇಜ್ ಕೂಡ ಇಲ್ಲ.

ಇಲ್ಲಿವರೆಗೆ ಮಾಡಿದ್ದು: ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿದೆ. ವಿಂಡೋಸ್ ಎರಡು ಸಲ ಪೂರ್ತಿ ಅಳಿಸಿ ಹಾಕಿದೆ. ಸೆಟ್ಟಿಂಗ್ಸ್ ಎಲ್ಲಾ ತಳಕ್ಕೆ ಇಳಿಸಿದೆ. ಮಾಡ್‌ಗಳು (ಆಟಕ್ಕೆ ಬೇರೆಯವರು ಮಾಡಿದ ಸೇರ್ಪಡೆಗಳು) ಹತ್ತು ಇದ್ದವು, ತೆಗೆದೆ. ಸ್ಟೀಮ್‌ನಲ್ಲಿ (ಆಟ ಇಳಿಸಿಕೊಳ್ಳೋ ಆಪ್) ಫೈಲುಗಳನ್ನು ವೆರಿಫೈ ಮಾಡಿದೆ, ಮೂರು ಕೆಟ್ಟಿವೆ ಅಂತು, ಸರಿ ಮಾಡಿಕೊಂಡಿತು. ಮಾರನೇ ದಿನ ನೋಡಿದರೆ ಬೇರೆ ಎರಡು ಅಂತು. ರ‍್ಯಾಮ್ 32 ಜಿಬಿ, 16ರ ಎರಡು ಕಡ್ಡಿ, ಡಿಡಿಆರ್4, 3600. ಈಗ ಗ್ರಾಫಿಕ್ಸ್ ಕಾರ್ಡನ್ನೇ ಬದಲಿಸಿಬಿಡೋಣ ಅಂತಿದ್ದೇನೆ. ಸರಿಯಾ?

ಉತ್ತರ 1

ಕಾರ್ಡಿನ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ನಾನೂ ಒಮ್ಮೆ ಹಾಗೇ ಬದಲಿಸಿ, ಹೊಸ ಕಾರ್ಡಿನಲ್ಲೂ ಅದೇ ಹ್ಯಾಂಗ್ ನೋಡಿ ಕೂತವನು.

‘ಹ್ಯಾಂಗ್’ ಅನ್ನೋ ಒಂದೇ ಮಾತಲ್ಲಿ ನಾಲ್ಕು ಬೇರೆ ಬೇರೆ ಕಾಯಿಲೆ ಸೇರಿಕೊಂಡಿವೆ. ಆಟ ಮಾತ್ರ ಮುಚ್ಚಿಕೊಂಡು ಡೆಸ್ಕ್‌ಟಾಪ್ ಬರೋದು ಒಂದು. ಸ್ಕ್ರೀನ್ ಕಪ್ಪಾಗಿ, ಆಟದ ಸದ್ದು ಹಿಂದೆ ನಡೀತಾನೇ ಇರೋದು ಇನ್ನೊಂದು. ಇದು ಹೆಚ್ಚಾಗಿ ಗ್ರಾಫಿಕ್ಸ್ ಕಡೆಯದು. ಎಲ್ಲವೂ ಕಲ್ಲಾಗಿ ಸದ್ದು ಸುತ್ತೋದು ಮೂರನೆಯದು. ಯಾರೋ ಪ್ಲಗ್ ಕಿತ್ತ ಹಾಗೆ ಧಡಕ್ಕನೆ ರೀಸ್ಟಾರ್ಟ್ ಆಗೋದು ನಾಲ್ಕನೆಯದು, ಅಲ್ಲಿ ಮೊದಲ ಅನುಮಾನ ಪವರ್ ಸಪ್ಲೈ ಮೇಲೆ. ನಿಮ್ಮದು ಒಂದನೆಯದು ಮತ್ತು ಮೂರನೆಯದರ ಮಿಶ್ರಣ. ಡ್ರೈವರ್ ಒಂದರಿಂದಲೇ ಎರಡೂ ಆಗೋದು ಅಪರೂಪ.

ವಿಂಡೋಸ್ ಎಲ್ಲವನ್ನೂ ಬರೆದಿಟ್ಟುಕೊಂಡಿರುತ್ತೆ, ನಾವು ಓದಲ್ಲ ಅಷ್ಟೇ. ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಅಂತ ಹುಡುಕಿ, ದಿನದ ಪ್ರಕಾರ ಕೆಂಪು ಗುರುತುಗಳ ಪಟ್ಟಿ ಬರುತ್ತೆ. ವಿವರ ಬೇಕಾದರೆ ಇವೆಂಟ್ ವ್ಯೂವರ್ ತೆಗೆದು, ಹ್ಯಾಂಗ್ ಆದ ನಿಮಿಷಕ್ಕೆ ಹೋಗಿ. ಅಲ್ಲಿ ಕರ್ನಲ್ ಪವರ್ 41 ಕಂಡರೆ ಗಾಬರಿ ಬೇಡ. ‘ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಆನ್ ಆಯ್ತು’ ಅನ್ನೋದಷ್ಟೇ ಅದರ ಅರ್ಥ. ಬಟನ್ ಒತ್ತಿ ಆರಿಸಿದವರು ನೀವೇ, ಅದನ್ನೇ ಅದು ನಿಮಗೆ ವರದಿ ಮಾಡ್ತಿದೆ. ಅದಕ್ಕಿಂತ ಮೊದಲು ಏನಿದೆ ನೋಡಿ. ಡಿಸ್‌ಪ್ಲೇ 4101 ಇದ್ದರೆ ಗ್ರಾಫಿಕ್ಸ್ ಡ್ರೈವರ್ ಉತ್ತರ ಕೊಡದೆ ರೀಸೆಟ್ ಆಗಿದೆ ಅಂತ. ವಿಂಡೋಸ್ ಮಾಮೂಲಿಯಾಗಿ 2 ಸೆಕೆಂಡ್ ಕಾಯುತ್ತೆ, ಆಮೇಲೆ ಡ್ರೈವರನ್ನು ಎಬ್ಬಿಸಿ ಕೂರಿಸುತ್ತೆ. ಡಬ್ಲ್ಯುಎಚ್‌ಇಎ ಅಂತ ಶುರುವಾಗೋ ಸಾಲಿದ್ದರೆ ವಿಷಯ ಹಾರ್ಡ್‌ವೇರ್‌ದು. ಆಟ ಮಾತ್ರ ಮುಚ್ಚಿಕೊಂಡ ದಿನ ಅಪ್ಲಿಕೇಶನ್ ಎರರ್ 1000 ಸಿಗುತ್ತೆ, ಅದರಲ್ಲಿ ‘ಫಾಲ್ಟಿಂಗ್ ಮಾಡ್ಯೂಲ್’ ಅಂತ ಒಂದು ಹೆಸರಿರುತ್ತೆ. ಪ್ರತಿ ಸಲ ಒಂದೇ ಹೆಸರಾ, ದಿನಕ್ಕೊಂದಾ ಅನ್ನೋದು ಬಹಳ ಮುಖ್ಯ. ನೋಡಿ ಹೇಳಿ.

ಉತ್ತರ 2

ಧೂಳು ತೆಗೆದು ನೋಡಿದಿರಾ ಮಾರಾಯ್ರೆ? ಇಪ್ಪತ್ತು ನಿಮಿಷ ಓಡಿ ನಿಲ್ತದೆ ಅಂದಾಗ ನನಗೆ ಮೊದಲು ನೆನಪಾದದ್ದು ಬಿಸಿ. ಎಚ್‌ಡಬ್ಲ್ಯುಇನ್ಫೋ (ಬಿಸಿ ಅಳೆದು ತೋರಿಸುವ ಪ್ರೋಗ್ರಾಂ) ಹಾಕಿ, ಸೆನ್ಸರ್ ಲಾಗನ್ನು ಫೈಲಿಗೆ ಬರೆಯಲು ಬಿಟ್ಟು ಆಡಿ. ಹ್ಯಾಂಗ್ ಆದ ಮೇಲೆ ಆ ಫೈಲಿನ ಕೊನೆಯ ಸಾಲು ನೋಡಿದರೆ ಸಾಕು. ಪ್ರೊಸೆಸರ್ 95–100 ಡಿಗ್ರಿಗೆ ಅಂಟಿಕೊಂಡು ಕೂತಿದ್ದರೆ ಕೂಲರ್ ಕಡೆ ನೋಡಿ. ಆದರೆ ಒಂದು: ಬಿಸಿಯಾದರೆ ಈಗಿನ ಚಿಪ್‌ಗಳು ಮೊದಲು ನಿಧಾನ ಆಗ್ತವೆ, ಆಟ ಕುಂಟ್ತದೆ. ಕುಂಟದೆ ಸೀದಾ ಬಿದ್ದರೆ ಬಿಸಿಯ ಮೇಲೆ ನನ್ನ ಅನುಮಾನ ಅರ್ಧ ಕಡಿಮೆ.

ಉತ್ತರ 3

ನಂದು ಸಾಫ್ಟ್‌ವೇರ್ ಕಥೆ. ಸೇವ್ ಆಗೋ ಹೊತ್ತಿಗೆ ಸರಿಯಾಗಿ ಆಟ ಮುಚ್ಚಿಕೊಳ್ತಿತ್ತು. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ನಾನೇ ಆನ್ ಮಾಡಿ ಮರೆತಿದ್ದೆ, ಅದು ಡಾಕ್ಯುಮೆಂಟ್ಸ್ ಫೋಲ್ಡರಿಗೆ ಬರೆಯೋಕೆ ಆಟವನ್ನು ಬಿಡ್ತಾನೇ ಇರಲಿಲ್ಲ. ಆಟಕ್ಕೆ ಅನುಮತಿ ಕೊಟ್ಟೆ, ಮುಗೀತು.

ಇನ್ನೊಂದು ಆಟ ಶುರುವಾಗೋ ಮೊದಲೇ ಬೀಳ್ತಿತ್ತು. ಕಾರಣ ಕೇಳಿದರೆ ನಗ್ತೀರಿ: ಕಂಪ್ಯೂಟರಿನ ಯೂಸರ್ ನೇಮ್ ಅನ್ನು ಪ್ರೀತಿಯಿಂದ ಕನ್ನಡದಲ್ಲಿ ಬರೆದಿದ್ದೆ. ಆ ಆಟಕ್ಕೆ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ಲಿಪಿಯ ಫೋಲ್ಡರ್ ಹೆಸರು ಓದೋಕೆ ಬರ್ತಿರಲಿಲ್ಲ. ಇಂಗ್ಲಿಷ್ ಹೆಸರಿನ ಹೊಸ ಅಕೌಂಟ್ ಮಾಡಿಕೊಂಡೆ, ಬೇಜಾರಿಂದಲೇ.

ಓವರ್‌ಲೇಗಳನ್ನೂ (ಆಟದ ಮೇಲೆ ತೇಲೋ ಬೇರೆ ಆಪ್‌ಗಳ ಪರದೆ) ಆಫ್ ಮಾಡಿ ನೋಡಿ. ಚಾಟ್, ರೆಕಾರ್ಡಿಂಗ್, ಫ್ರೇಮ್ ಎಣಿಸೋದು, ಎಲ್ಲವೂ ಆಟದೊಳಗೇ ಕೈ ಹಾಕಿ ಕೂತಿರ್ತವೆ. ಆದರೆ ಇಡೀ ಕಂಪ್ಯೂಟರನ್ನೇ ಕಲ್ಲು ಮಾಡೋ ಶಕ್ತಿ ಇವುಗಳಿಗೆ ಸಾಮಾನ್ಯವಾಗಿ ಇರಲ್ಲ.

ಉತ್ತರ 4

ಪವರ್ ಸಪ್ಲೈ ಬಗ್ಗೆ ನನ್ನದೂ ಸೇರಿಸ್ತೀನಿ, ನಿಮ್ಮದಲ್ಲದಿದ್ದರೂ ಮುಂದೆ ಓದುವವರಿಗೆ ಬೇಕಾಗಬಹುದು. ನನ್ನ ಕಂಪ್ಯೂಟರ್ ಯುದ್ಧದ ನಡುವೆ ಆರಾಮಾಗಿರ್ತಿತ್ತು, ಆಟದ ಮೆನುವಿಗೆ ಬಂದರೆ ಧಡ್ ಅಂತ ರೀಸ್ಟಾರ್ಟ್. ಮೆನುವಿನಲ್ಲಿ ಏನು ಭಾರ ಇದೆ ಅಂತ ತಿಂಗಳುಗಟ್ಟಲೆ ಯೋಚಿಸಿದೆ. ಭಾರ ಇಲ್ಲದ್ದೇ ತೊಂದರೆ! ಫ್ರೇಮ್ ಮಿತಿ ಹಾಕಿರಲಿಲ್ಲ, ಕಾರ್ಡು ಆ ಸುಮ್ಮನೆ ನಿಂತ ಚಿತ್ರವನ್ನು ಸೆಕೆಂಡಿಗೆ ಸಾವಿರಾರು ಸಲ ಬಿಡಿಸ್ತಾ ಮೈಮೇಲೆ ದೆವ್ವ ಬಂದವರ ಹಾಗೆ ಕರೆಂಟ್ ಎಳೀತಿತ್ತು. 60ಕ್ಕೆ ಮಿತಿ ಹಾಕಿದೆ, ನಿಂತಿತು. ಅಲ್ಲಿಗೆ ಬೇರು ಗೊತ್ತಾಯಿತು: ಕಾರ್ಡಿನ ಎರಡು 8 ಪಿನ್ ಸಾಕೆಟ್‌ಗೂ ಒಂದೇ ಕೇಬಲ್‌ನ ಎರಡು ತಲೆ ಚುಚ್ಚಿದ್ದೆ. ಒಂದೊಂದು 8 ಪಿನ್ ಲೆಕ್ಕ 150 ವ್ಯಾಟ್. ಸಪ್ಲೈನಿಂದಲೇ ಎರಡು ಬೇರೆ ಬೇರೆ ಕೇಬಲ್ ಎಳೆದ ಮೇಲೆ ಮಿತಿ ತೆಗೆದರೂ ಬಿದ್ದಿಲ್ಲ.

ಕೇಬಲ್ ಹುಡುಕುವಾಗ ಒಂದು ಎಚ್ಚರ. ಬೇರೆ ಪವರ್ ಸಪ್ಲೈ ಜೊತೆ ಬಂದ ಕೇಬಲ್ ಎರವಲು ತರಬೇಡಿ. ಸಾಕೆಟ್‌ಗೆ ಸರಿಯಾಗಿ ಕೂತರೂ ಒಳಗಿನ ತಂತಿಗಳ ಜಾಗ ಬೇರೆ ಇರಬಹುದು, ಆನ್ ಮಾಡಿದ ಕೂಡಲೇ ಇರೋದೂ ಸುಟ್ಟುಹೋಗುತ್ತೆ.

ಉತ್ತರ 5

ಮಾಡ್ ತೆಗೆದೆ ಅಂದಿರಿ, ಆದರೆ ಹಳೇ ಸೇವ್‌ನಲ್ಲೇ ಆಡುತ್ತಿದ್ದೀರಾ? ಮಾಡ್ ಹೋದರೂ ಸೇವ್ ಫೈಲಿನೊಳಗೆ ಅದರ ಕುರುಹು ಉಳಿದಿರುತ್ತೆ. ಹೊಸ ಆಟ ಶುರು ಮಾಡಿ ಒಂದು ಗಂಟೆ ಆಡಿ ನೋಡಿ.

ಹತ್ತು ಮಾಡ್ ಅಂದರೆ ಒಂದೊಂದೇ ತೆಗೆದು ನೋಡಬಹುದು. ನನಗೆ ಅರವತ್ತು ಚಿಲ್ಲರೆ ಇದ್ದವು. ಆಗ ಅರ್ಧ ತೆಗೆದೆ. ಬಿದ್ದರೆ ಕಳ್ಳ ಉಳಿದ ಅರ್ಧದಲ್ಲಿ, ಬೀಳದಿದ್ದರೆ ತೆಗೆದ ಅರ್ಧದಲ್ಲಿ. ಮತ್ತೆ ಅದರ ಅರ್ಧ. 64 ಇದ್ದರೂ ಆರೇ ಸುತ್ತಿಗೆ ಸಿಕ್ಕಿಬೀಳುತ್ತೆ. ಎರಡು ಮಾಡ್ ಸೇರಿಕೊಂಡು ಜಗಳ ಆಡ್ತಿದ್ದರೆ ಮಾತ್ರ ಈ ಲೆಕ್ಕ ಕೈಕೊಡುತ್ತೆ.

ಉತ್ತರ 6

ಮೆಸೇಜ್ ಬಂದರೂ ಅದನ್ನು ಪೂರ್ತಿ ನಂಬಬೇಡಿ ಅನ್ನೋದಕ್ಕೆ ಒಂದು ಉದಾಹರಣೆ. ಅನ್‌ರಿಯಲ್ ಎಂಜಿನ್‌ನ ಆಟಗಳು ಕೆಲವರಲ್ಲಿ ‘ವೀಡಿಯೊ ಮೆಮೊರಿ ಸಾಲುತ್ತಿಲ್ಲ’ ಅಂತ ಹೇಳಿ ಬೀಳ್ತಿದ್ದವು. ಓದಿದವರೆಲ್ಲ ಗ್ರಾಫಿಕ್ಸ್ ಕಾರ್ಡನ್ನು ಬೈದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಶೇಡರ್‌ಗಳನ್ನು (ಚಿತ್ರ ಬಿಡಿಸೋಕೆ ಕಾರ್ಡಿಗೆ ಕೊಡುವ ಪುಟ್ಟ ಪ್ರೋಗ್ರಾಂಗಳು) ಬಿಚ್ಚುವ ಕೆಲಸ ಪ್ರೊಸೆಸರ್‌ದು, ಅದು ಲೆಕ್ಕ ತಪ್ಪಿದರೆ ಹೊರಗೆ ಬರುವ ಮೆಸೇಜು ಮಾತ್ರ ವೀಡಿಯೊ ಮೆಮೊರಿಯ ಹೆಸರಲ್ಲಿ. 2024ರಲ್ಲಿ ಇಂಟೆಲ್ ತನ್ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಮಿತಿ ಮೀರುತ್ತಿರುವುದನ್ನು ಒಪ್ಪಿಕೊಂಡು, ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡಿನ ಪ್ರೋಗ್ರಾಂ) ಮೂಲಕ ಹೊಸ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳಗಿನ ಸೂಚನೆಗಳು) ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಅವುಗಳಲ್ಲಿ ಯಾವುದಾದರೂ ಇದ್ದವರು ಬೇರೆಲ್ಲಕ್ಕಿಂತ ಮೊದಲು ಬಯಾಸ್ ಅಪ್‌ಡೇಟ್ ಮಾಡಿ. ಆಗಲೇ ಹಾಳಾದ ಚಿಪ್ಪನ್ನು ಮಾತ್ರ ಆ ಅಪ್‌ಡೇಟ್ ಸರಿ ಮಾಡಲ್ಲ.

ಉತ್ತರ 7

ಎಲ್ಲರೂ ಒಂದು ಸಾಲು ದಾಟಿಕೊಂಡು ಹೋಗಿದ್ದೀರಿ. ಅವರು ಬರೆದಿದ್ದಾರೆ ನೋಡಿ: ವೆರಿಫೈ ಮಾಡಿದಾಗ ಮೂರು ಫೈಲ್, ಮಾರನೇ ದಿನ ಬೇರೆ ಎರಡು.

ಆಟದ ಫೈಲುಗಳು ಸುಮ್ಮನೆ ಕೂತಲ್ಲೇ ಕೆಡೋದಿಲ್ಲ. ಡಿಸ್ಕ್ ಹಾಳಾಗಿದ್ದರೆ ಸಾಮಾನ್ಯವಾಗಿ ಅದೇ ಫೈಲು ಮತ್ತೆ ಮತ್ತೆ ಬರಬೇಕಿತ್ತು. ದಿನಕ್ಕೊಂದು ಬೇರೆ ಫೈಲು ಅಂದರೆ ಫೈಲಿನದಲ್ಲ, ಓದುವ ಕಣ್ಣಿನದ್ದೇ ದೋಷ ಇರಬಹುದು. ಸ್ಟೀಮ್ ಫೈಲನ್ನು ಡಿಸ್ಕಿನಿಂದ ಎತ್ತಿ ರ‍್ಯಾಮ್‌ಗೆ ತಂದು ಲೆಕ್ಕ ಹಾಕುತ್ತೆ. ರ‍್ಯಾಮ್‌ನಲ್ಲಿ ಒಂದೇ ಒಂದು ಬಿಟ್ ತಿರುಗಿದರೂ ಒಳ್ಳೇ ಫೈಲು ಕೆಟ್ಟದ್ದಾಗಿ ಕಾಣುತ್ತೆ; ‘ಸರಿ ಮಾಡ್ತೀನಿ’ ಅಂತ ಇಳಿಸಿಕೊಳ್ಳುವಾಗ ನಿಜಕ್ಕೂ ಕೆಟ್ಟದ್ದನ್ನೇ ಬರೆದಿಡಲೂಬಹುದು. ಒಮ್ಮೆ ಕಲ್ಲಾಗೋದು, ಒಮ್ಮೆ ಆಟ ಮಾತ್ರ ಮುಚ್ಚೋದು, ಎರಡಕ್ಕೂ ಇದು ಹೊಂದುತ್ತೆ. ತಪ್ಪು ಬಿಟ್ ಯಾರ ಪಾಲಿಗೆ ಬಿತ್ತು ಅನ್ನೋದರ ಮೇಲೆ ಬೀಳುವವರು ಬದಲಾಗ್ತಾರೆ.

ನಿಮ್ಮ 3600 ಅನ್ನೋದು ಎಕ್ಸ್‌ಎಂಪಿ (ರ‍್ಯಾಮ್ ತಯಾರಕರು ಮೊದಲೇ ತುಂಬಿಟ್ಟ ಹೆಚ್ಚಿನ ವೇಗದ ಸೆಟ್ಟಿಂಗ್) ವೇಗ. ಡಬ್ಬಿಯ ಮೇಲೆ ಬರೆದಿದ್ದರೂ ಅದು ಓವರ್‌ಕ್ಲಾಕೇ. ಡಿಡಿಆರ್4ನ ಅಧಿಕೃತ ಮಟ್ಟ 3200ಕ್ಕೇ ಮುಗಿಯುತ್ತೆ. ಮೊದಲು ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆಫ್ ಮಾಡಿ. ಆಮೇಲೆ ಮೆಮ್‌ಟೆಸ್ಟ್86 (ರ‍್ಯಾಮ್ ಪರೀಕ್ಷಿಸೋ ಪ್ರೋಗ್ರಾಂ) ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಬೂಟ್ ಮಾಡಿ ರಾತ್ರಿಯಿಡೀ ಬಿಡಿ. ಉಚಿತ ಆವೃತ್ತಿ ನಾಲ್ಕು ಸುತ್ತು ಹಾಕುತ್ತೆ, 32 ಜಿಬಿಗೆ ಹಲವು ಗಂಟೆ ಬೇಕು. ಒಂದು ತಪ್ಪು ಬಂದರೂ ತಪ್ಪೇ. ‘ಒಂದೇ ತಾನೇ’ ಅಂತ ಬಿಡಬೇಡಿ, ನಾನು ಹಾಗೆ ಬಿಟ್ಟು ಮದುವೆ ಫೋಟೋಗಳ ಬ್ಯಾಕಪ್ಪೇ ಅರ್ಧ ಹಾಳು ಮಾಡಿಕೊಂಡಿದ್ದೇನೆ.

ತಪ್ಪು ಬಂದರೆ ಪ್ಲಗ್ ಕಿತ್ತು, ಒಂದೊಂದೇ ಕಡ್ಡಿಯನ್ನು ಒಂದೇ ಸ್ಲಾಟಿನಲ್ಲಿ ಹಾಕಿ ಪರೀಕ್ಷಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಕಾಗದದ ಮೇಲೆ ಬರೆದುಕೊಳ್ಳಿ. ನೀವು ಮೂರು ವಾರದಲ್ಲಿ ಮಾಡಿದ್ದೆಲ್ಲ ಒಟ್ಟೊಟ್ಟಿಗೆ ಮಾಡಿದ್ದು, ಅದಕ್ಕೇ ಏನೂ ತಿಳಿಯಲಿಲ್ಲ.

ಕೇಳಿದವರು ಮತ್ತೆ

ಒಂಬತ್ತು ದಿನ ಆಯ್ತು, ತಡವಾಗಿದ್ದಕ್ಕೆ ಕ್ಷಮಿಸಿ. ಉತ್ತರ 1ರವರು ಹೇಳಿದ್ದನ್ನು ನೋಡಿದೆ: ಫಾಲ್ಟಿಂಗ್ ಮಾಡ್ಯೂಲ್ ಪ್ರತಿ ಸಲ ಬೇರೆ ಬೇರೆ. ಒಮ್ಮೆ ಆಟದ್ದು, ಒಮ್ಮೆ ವಿಂಡೋಸ್‌ದು, ಒಮ್ಮೆ ಆಡಿಯೋದ್ದು. ಬಿಸಿ ಸರಿಯಾಗಿಯೇ ಇತ್ತು, ಪ್ರೊಸೆಸರ್ 72 ದಾಟಲಿಲ್ಲ.

ಎಕ್ಸ್‌ಎಂಪಿ ಆಫ್ ಮಾಡಿದೆ. ಎರಡು ದಿನ ಹ್ಯಾಂಗೇ ಇಲ್ಲ, ಕುಣಿದಾಡಿದೆ. ಮೂರನೇ ದಿನ ಮತ್ತೆ ‘ಟರ್‌ರ್‌ರ್’. ಆಮೇಲೆ ಮೆಮ್‌ಟೆಸ್ಟ್ ಓಡಿಸಿದೆ. ಎಕ್ಸ್‌ಎಂಪಿ ಇದ್ದಾಗ ಮೊದಲ ಸುತ್ತಿನಲ್ಲೇ ಪರದೆ ತುಂಬ ಕೆಂಪು. ಇಲ್ಲದಾಗ ಮೂರನೇ ಸುತ್ತಿನಲ್ಲಿ ನಾಲ್ಕೇ ತಪ್ಪು. ಒಂದೊಂದಾಗಿ ಹಾಕಿದರೆ ಒಂದು ಕಡ್ಡಿ ನಾಲ್ಕೂ ಸುತ್ತು ಶುದ್ಧ, ಇನ್ನೊಂದು ಕೆಟ್ಟಿದೆ. ಈಗ ಒಂದೇ ಕಡ್ಡಿ, 16 ಜಿಬಿಯಲ್ಲಿ ಆಡುತ್ತಿದ್ದೇನೆ. ವೆರಿಫೈ ಮೂರು ಸಲ ಮಾಡಿದೆ: ಮೊದಲ ಸಲ ಐದು ಫೈಲು ಬದಲಿಸಿತು, ಆಮೇಲೆ ಎರಡು ಸಲವೂ ಎಲ್ಲ ಸರಿ.

ಒಂದು ಮಾತ್ರ ಉಳಿದಿದೆ. ಒಂದು ಗುಹೆಯ ಬಾಗಿಲು ದಾಟಿದ ಕೂಡಲೇ ಆಟ ಮುಚ್ಚಿಕೊಳ್ಳುತ್ತೆ. ಪ್ರತಿ ಸಲ ಅಲ್ಲೇ. ಬೇರೆ ಎಲ್ಲೂ ಇಲ್ಲ.

ಉತ್ತರ 7

ಪ್ರತಿ ಸಲ ಅಲ್ಲೇ ಅಂದರೆ ಒಳ್ಳೇ ಸುದ್ದಿ, ಹಾರ್ಡ್‌ವೇರ್ ಅಷ್ಟು ನಿಷ್ಠೆಯಿಂದ ಕೈಕೊಡಲ್ಲ. ಆ ಸೇವ್ ಬರೆದದ್ದು ಕೆಟ್ಟ ಕಡ್ಡಿ ಇದ್ದ ಕಾಲದಲ್ಲಿ ಅಲ್ವಾ? ಸೇವೇ ಕೆಟ್ಟಿರುತ್ತೆ. ಈಗಿರೋ ಸೇವ್ ಫೋಲ್ಡರನ್ನು ಬೇರೆ ಕಡೆ ನಕಲು ಮಾಡಿಟ್ಟು, ತೊಂದರೆ ಶುರುವಾಗೋ ಮೊದಲಿನದೊಂದನ್ನು ತೆಗೆದು ಆ ಗುಹೆಗೆ ಹೋಗಿ ನೋಡಿ. ಮತ್ತೆ, ನಿಮ್ಮ ವಿಂಡೋಸನ್ನು ಎರಡು ಸಲ ಹಾಕಿದ್ದೂ ಅದೇ ಕಡ್ಡಿ ಇಟ್ಟುಕೊಂಡೇ. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು ಎಸ್‌ಎಫ್‌ಸಿ ಸ್ಕ್ಯಾನ್ (ವಿಂಡೋಸ್‌ನ ಸ್ವಂತ ಫೈಲುಗಳ ಪರೀಕ್ಷೆ) ಓಡಿಸಿ. ಬಹಳ ಕೆಟ್ಟಿದ್ದರೆ ಮೂರನೇ ಸಲ ಹಾಕೋದು ತಪ್ಪಿದ್ದಲ್ಲ.

ಕಡ್ಡಿಗಳನ್ನು ಜೋಡಿ ಪ್ಯಾಕಿನಲ್ಲಿ ಕೊಂಡಿದ್ದರೆ ವಾರಂಟಿಗೆ ಸಾಮಾನ್ಯವಾಗಿ ಎರಡನ್ನೂ ಕೇಳ್ತಾರೆ. ಒಳ್ಳೇದನ್ನೂ ಕಳಿಸಬೇಕಾಗುತ್ತೆ, ಅಷ್ಟು ದಿನ ಆಟ ಇಲ್ಲ ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮೆಮ್‌ಟೆಸ್ಟ್ ಕೊನೆಯ ಪರದೆಯ ಫೋಟೋ ಇಟ್ಟುಕೊಂಡಿದ್ದರೆ ವಾದ ಕಡಿಮೆ.

ಕೇಳಿದವರು ಮತ್ತೆ

ಹಳೇ ಸೇವ್‌ನಲ್ಲಿ ಗುಹೆ ದಾಟಿತು ಸಾರ್! ಹನ್ನೊಂದು ಗಂಟೆಯ ಆಟ ಹೋಯಿತು, ಹೋಗಲಿ. ಸ್ಕ್ಯಾನ್ ಮಾಡಿದರೆ ಕೆಲವು ಸಿಸ್ಟಮ್ ಫೈಲು ಕೆಟ್ಟಿದ್ದವು, ಸರಿ ಮಾಡಿದೆ ಅಂತ ಹೇಳ್ತಿದೆ. ಜೋಡಿ ಪ್ಯಾಕೇ, ಫೋಟೋ ತೆಗೆದಿಟ್ಟಿದ್ದೇನೆ. ಸೋಮವಾರ ಎರಡೂ ಕಡ್ಡಿ ಕಳಿಸ್ತೀನಿ. ಅಷ್ಟರೊಳಗೆ ಆ ಗುಹೆ ಮುಗಿಸಬೇಕು.