220 ಕೆವಿ ಲೈನ್ ಕೆಳಗಿನ ತಂತಿ ಬೇಲಿ ಮುಟ್ಟಿದರೆ ಚುರ್ ಅನ್ನುತ್ತದೆ

ಎರಿಹೊಲ_ಗದಗ:
ನಮಸ್ಕಾರ ರೀ. ನಮ್ಮ ಹೊಲದ ಮೇಲೆ 220 ಕೆವಿ ಲೈನ್ ಹೋಗಿದೆ. ಅದರ ಕೆಳಗೆ, ಲೈನಿನ ಉದ್ದಕ್ಕೂ, ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಸಿದ್ದೇವೆ. ಬಿಸಿಲಿನಲ್ಲಿ ತಂತಿ ಮುಟ್ಟಿದರೆ ಬೆರಳಿಗೆ ಚುರ್ ಅನ್ನುತ್ತದೆ. ಟೆಸ್ಟರೂ ಹತ್ತುತ್ತದೆ. ಮೋಟರ್ ಮೇನ್ ತೆಗೆದರೂ ಹಾಗೇ. ಮಳೆಯಾದಾಗ ಶಾಕ್ ಇಲ್ಲ, ಆದರೆ ಮೇಲೆ ಲೈನ್ ಚರಚರ ಅಂತ ಜಾಸ್ತಿ ಸದ್ದು ಮಾಡುತ್ತದೆ. ಕರೆಂಟ್ ಕೆಳಗೆ ಸೋರುತ್ತಿದೆಯಾ?

ಹಳೇ_ವೈರ್‌ಮನ್_ಧಾರವಾಡ:
ಸೋರುತ್ತಿಲ್ಲ ರೀ. ಇವೆರಡೂ ಬೇರೆ ಬೇರೆ. 220 ಕೆವಿ ಅನ್ನುವುದು ಎರಡು ಫೇಸ್ ನಡುವಿನದು; ಮೇಲಿನ ಒಂದೊಂದು ಫೇಸಿಗೂ ನೆಲಕ್ಕೂ ನಡುವೆ ಸುಮಾರು 127 ಕೆವಿ ಇರುತ್ತದೆ. ಲೈನ್ ಒಂದು ಪ್ಲೇಟ್, ನಿಮ್ಮ ಬೇಲಿ ಇನ್ನೊಂದು, ನಡುವೆ ಗಾಳಿ. ಕೆಪಾಸಿಟರ್ ಆಯ್ತಲ್ವಾ? ಲೈನ್ ತಾಗದೆಯೇ ಬೇಲಿಗೆ ಚಾರ್ಜ್ ಏರುತ್ತದೆ. ಒಣಗಿದ ಕಲ್ಲುಕಂಬ ಚಾರ್ಜನ್ನು ನೆಲಕ್ಕೆ ಬಿಡುವುದಿಲ್ಲ, ನಿಮ್ಮ ಬೆರಳು ಬಿಡುತ್ತದೆ. ಮಳೆಯಲ್ಲಿ ಕಂಬ ನೆನೆದು ತಾನೇ ಇಳಿಸುತ್ತದೆ. ಸದ್ದು ಕರೋನಾದ್ದು: ತಂತಿಗೆ ಅಂಟಿದ ಹನಿಗಳ ತುದಿಯಲ್ಲಿ ಗಾಳಿ ಒಡೆಯುವ ಸದ್ದು.

ಹೊಸಬ_ಹಾವೇರಿ:
ಮುಳ್ಳುತಂತಿ ಬದಲು ಪಿವಿಸಿ ಕವರ್ ಇರುವ ತಂತಿ ಹಾಕಿದರೆ?

ಹಳೇ_ವೈರ್‌ಮನ್_ಧಾರವಾಡ:
ಸುಮ್ನೆ ದುಡ್ಡು ದಂಡ. ಕವರ್ ದಾಟಿಯೂ ಒಳಗಿನ ತಂತಿಗೆ ಚಾರ್ಜ್ ಬರುತ್ತದೆ. ಅರ್ಥಿಂಗ್ ಮಾಡಿಸಿ. ಬೇಲಿಯ ಎರಡೂ ತುದಿಗೆ, ನಡುವೆ ಅಲ್ಲಲ್ಲಿ ಜಿಐ (ಸತುವಿನ ಲೇಪದ ಕಬ್ಬಿಣ) ರಾಡ್ ಹೊಡೆಸಿ, ಪ್ರತಿ ಎಳೆಯನ್ನೂ ಜಿಐ ತಂತಿಯಿಂದ ಅದಕ್ಕೆ ಬಿಗಿಸಿ. ಒಂದು ಎಳೆ ಬಿಟ್ಟರೂ ಅದು ಚುರ್ ಅನ್ನುತ್ತಲೇ ಇರುತ್ತದೆ. ತುಕ್ಕು ಹಿಡಿದ ಜಾಗವನ್ನು ಉಜ್ಜಿಯೇ ಕ್ಲ್ಯಾಂಪ್ ಹಾಕಿ. ಎರಿ ಮಣ್ಣು ಅರ್ಥಿಂಗಿಗೆ ಒಳ್ಳೇದೇ, ಆದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ರಾಡಿನಿಂದ ದೂರ ಸರಿಯುತ್ತದೆ. ರಾಡ್ ಆಳಕ್ಕೆ ಹೋಗಲಿ, ಆಗಾಗ ನೀರು ಹಾಕಿ.

ಬೇಲಿಯನ್ನು ಟವರ್ ಕಾಲಿಗೆ ಎಂದೂ ಕಟ್ಟಬೇಡಿ. ಸಿಡಿಲು ಬಡಿದಾಗ ಅದೆಲ್ಲ ನಿಮ್ಮ ಬೇಲಿಗೇ ಬರುತ್ತದೆ.

ಎರಿಹೊಲ_ಗದಗ:
ಮಲ್ಟಿಮೀಟರ್ ಹಿಡಿದರೆ ಭಾರಿ ವೋಲ್ಟ್ ತೋರಿಸುತ್ತದೆ. ಬೇರೆ ಯಾರದೋ ಸರ್ವಿಸ್ ವೈರ್ ತಾಗಿರಬಹುದಾ?

ಹಳೇ_ವೈರ್‌ಮನ್_ಧಾರವಾಡ:
ಅದನ್ನೇ ಮೊದಲು ನೋಡಬೇಕು, ಅದು ಜೀವ ತೆಗೆಯುವಂಥದ್ದು. ಲೈಸೆನ್ಸ್ ಇರುವವರನ್ನು ಕರೆಸಿ. ಅವರು ಬೇಲಿಗೂ ನೆಲಕ್ಕೂ ನಡುವೆ ಟೆಸ್ಟ್ ಲ್ಯಾಂಪ್ ಹಾಕುತ್ತಾರೆ. ಬಲ್ಬ್ ಹತ್ತದೆ ಮೀಟರ್ ರೀಡಿಂಗ್ ಕುಸಿದರೆ ಅದು ಮೇಲಿನ ಲೈನಿನ ಇಂಡಕ್ಷನ್, ಅಂದರೆ ನಾನು ಹೇಳಿದ ತಾಗದೆಯೇ ಬರುವ ಚಾರ್ಜ್. ಬಲ್ಬ್ ಉರಿದರೆ ಎಲ್ಲೋ ವೈರ್ ತಾಗಿದೆ, ಹುಡುಕಿ. ಅಲ್ಲಿಯವರೆಗೆ ದನ ಕಟ್ಟಬೇಡಿ.

ಸ್ಪ್ರಿಂಕ್ಲರ್ ಪೈಪ್ ಇದೆಯಾ? ಆ ಲೈನಿಗೆ ನೆಲದಿಂದ ಕನಿಷ್ಠ ಅಂತರ 7 ಮೀಟರ್ ಚಿಲ್ಲರೆ ಅಷ್ಟೇ, ಬೇಸಿಗೆಯಲ್ಲಿ ತಂತಿ ಜೋತು ಅಷ್ಟಕ್ಕೇ ಇಳಿಯಬಹುದು. 6 ಮೀಟರ್ ಪೈಪನ್ನು ಅಡ್ಡ ಹಿಡಿದೇ ಒಯ್ಯಿರಿ.