ಅರ್ಬನ್ ಕೌಬಾಯ್: ಸಿಸ್ಸಿಯ ಆಸೆಗೆ ಬೆಲೆ ಇಲ್ವಾ?

ಪ್ರಶ್ನೆ (ಬಸವನಗುಡಿಯಿಂದ):
ನಿನ್ನೆ ನಮ್ಮ ಯಜಮಾನರ ಜೊತೆ 1980ರ ಈ ಸಿನಿಮಾ ನೋಡಿದೆ. ಟೆಕ್ಸಾಸ್‌ನ ಗಿಲ್ಲೀಸ್ ಬಾರ್‌ನಲ್ಲಿ, ಮೇಲೆ ಕೂತವರನ್ನು ಕುಲುಕಿ ಬೀಳಿಸುವ ಒಂದು ಯಂತ್ರದ ಗೂಳಿ. ನಾಯಕ ಬಡ್ ಅದನ್ನು ಹತ್ತಬಹುದಂತೆ, ಹೆಂಡತಿ ಸಿಸ್ಸಿ ಹತ್ತಬಾರದಂತೆ! ಅವಳು ಕದ್ದು ಕಲಿಯುತ್ತಾಳೆ. ಇವರಿಗೆ ಅದು ಹಟ ಅನ್ನಿಸಿತು. ನನಗೆ ಇಲ್ಲ. ನಿಮಗೆ?

ಉತ್ತರ 1:
ಹಟ ಅಲ್ಲ ಅಕ್ಕ. ಗೂಳಿ ಮೇಲೆ ಸಿಸ್ಸಿ ಪಾತ್ರದ ಡೆಬ್ರಾ ವಿಂಗರ್ ಮುಖ ನೋಡಿ. ತನಗೂ ಇದು ಬರುತ್ತೆ ಅನ್ನೋ ಖುಷಿ. ಬಡ್‌ಗೆ ತಡೆಯಲಾಗದ್ದು ಅದೇ.

ಉತ್ತರ 2:
ಬಡ್‌ನನ್ನೂ ಸ್ವಲ್ಪ ನೋಡಿ. ಊರು ಬಿಟ್ಟು ಬಂದ ಹುಡುಗ, ಹಗಲೆಲ್ಲ ರಿಫೈನರಿ ಕೆಲಸ. ಪೀಣ್ಯದಲ್ಲಿ ಇಂಥವರನ್ನು ದಿನಾ ನೋಡುತ್ತೇನೆ. ರಾತ್ರಿ ಆ ಬಾರ್‌ನಲ್ಲಿ ಮಾತ್ರ ಅವನಿಗೊಂದು ಹೆಸರು. ಆದರೂ ಅವಳ ಮೇಲೆ ಕೈ ಎತ್ತಿದ್ದು ತಪ್ಪೇ.

ಪ್ರಶ್ನೆ ಕೇಳಿದವರು:
ಒಪ್ಪಿದೆ. ಆದರೆ ಕೊನೆಗೆ ಗೂಳಿ ಸವಾರಿ ಸ್ಪರ್ಧೆ ಗೆದ್ದದ್ದು ಬಡ್, ಸಿಸ್ಸಿಗೆ ಸಿಕ್ಕಿದ್ದು ಬರೀ ರಾಜಿ. ನನಗೆ ಬೇಜಾರಾಗಿದ್ದು ಅದಕ್ಕೇ.