ಗೇಟಿಗೆ 40 ಮೀಟರ್, ಅಡಿಕೆ ಅಂಗಳ ಹಿಂದೆ: ನಾಲ್ಕು ಕ್ಯಾಮೆರಾಕ್ಕೆ ಏನೇನು ತರಬೇಕು?

ಪ್ರಶ್ನೆ

ಸಾಗರ ತಾಲೂಕಿನ ನಮ್ಮ ತೋಟದ ಮನೆಗೆ ಸಿಸಿಟಿವಿ ಹಾಕಿಸಬೇಕು. ಗೇಟು ಮನೆಯಿಂದ ಸುಮಾರು 40 ಮೀಟರ್ ದೂರ, ಅಡಿಕೆ ಒಣಗಿಸುವ ಅಂಗಳ ಹಿಂದುಗಡೆ. ಅಂಗಡಿಯವರು 2 ಮೆಗಾಪಿಕ್ಸೆಲ್‌ನ ನಾಲ್ಕು ಕ್ಯಾಮೆರಾ, ನಾಲ್ಕು ಚಾನೆಲ್ ಡಿವಿಆರ್ (ರೆಕಾರ್ಡರ್), 1 ಟಿಬಿ ಡಿಸ್ಕ್, ತ್ರೀ ಪ್ಲಸ್ ಒನ್ ಕೇಬಲ್ (ಚಿತ್ರದ ತಂತಿ, ಪವರ್ ತಂತಿ ಒಟ್ಟಿಗಿರುವುದು) ಎಂದು ಚೀಟಿ ಬರೆದುಕೊಟ್ಟಿದ್ದಾರೆ. ಎಲ್ಲ ಕ್ಯಾಮೆರಾವೂ ಮನೆ ಗೋಡೆಗೇ. ಕರೆಂಟು, ಸಿಡಿಲು ಎರಡರ ಕಾಟವೂ ಇದೆ. ಏನು ಬದಲಾಯಿಸಬೇಕು? ಗೊತ್ತಿದ್ದವರು ಹೇಳಿ.

ಉತ್ತರ 1

ಮೊದಲು ಬದಲಾಗಬೇಕಾದ್ದು ಗೇಟಿನ ಕ್ಯಾಮೆರಾದ ಜಾಗ ಸರ್. ಪರಿಚಯವಿಲ್ಲದವನ ಮುಖ ಗುರುತು ಹಿಡಿಯಲು ಚಿತ್ರದಲ್ಲಿ ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು. ಸಾಮಾನ್ಯವಾಗಿ ಕೊಡುವ 2.8 ಮಿ.ಮೀ. ಲೆನ್ಸ್ ಹೆಚ್ಚುಕಡಿಮೆ 100 ಡಿಗ್ರಿ ನೋಡುತ್ತದೆ. 40 ಮೀಟರ್ ಆಚೆ ಅದರ ಚೌಕಟ್ಟು 95 ಮೀಟರ್ ಅಗಲ. 4 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅಡ್ಡಕ್ಕೆ 2560 ಪಿಕ್ಸೆಲ್ ಇದ್ದರೂ ಮೀಟರಿಗೆ 27 ಮಾತ್ರ ಸಿಗುತ್ತದೆ. ಯಾರೋ ಬಂದ ಎಂದು ತಿಳಿಯುತ್ತದೆ, ಯಾರು ಎಂದು ತಿಳಿಯುವುದಿಲ್ಲ.

ಗೇಟಿನಿಂದ ಒಳಗೆ 8 ಮೀಟರಿನಲ್ಲಿ ಒಂದು ಕಂಬ ನಿಲ್ಲಿಸಿ, 6 ಮಿ.ಮೀ. ಲೆನ್ಸಿನ 4 ಮೆಗಾಪಿಕ್ಸೆಲ್ ಬುಲೆಟ್ (ಕೊಳವೆಯಾಕಾರದ) ಕ್ಯಾಮೆರಾ ಹಾಕಿ. ನೋಟ ಸುಮಾರು 50 ಡಿಗ್ರಿ, ಗೇಟಿನ ಹತ್ತಿರ ಚೌಕಟ್ಟಿನ ಅಗಲ ಏಳೂವರೆ ಮೀಟರ್, ಮೀಟರಿಗೆ 340 ಪಿಕ್ಸೆಲ್. ಎತ್ತರ ಎಂಟರಿಂದ ಒಂಬತ್ತು ಅಡಿ ಸಾಕು. ಕೈಗೆ ಸಿಗಬಾರದೆಂದು ಹದಿನೈದು ಅಡಿಗೆ ಏರಿಸಿದರೆ ಟೋಪಿಯ ಮೇಲ್ಭಾಗ ಚೆನ್ನಾಗಿ ರೆಕಾರ್ಡ್ ಆಗುತ್ತದೆ, ಅಷ್ಟೇ. ಜಗುಲಿಗೂ ಅಂಗಳಕ್ಕೂ 2.8 ಸರಿಯೇ, ಅಲ್ಲಿ ಅಗಲ ಮುಖ್ಯ.

ಉತ್ತರ 2

ಲೆನ್ಸಿನ ಮಾತು ಸರಿ. ಆದರೆ ಆ ಕಂಬಕ್ಕೆ ತ್ರೀ ಪ್ಲಸ್ ಒನ್ ಎಳೆಯಬೇಡಿ ಮಾರಾಯ್ರೆ. ಅದರೊಳಗಿನ ಪವರ್ ಎಳೆ 0.2 ಚದರ ಮಿ.ಮೀ. ತಾಮ್ರ ಎಂದಿಟ್ಟುಕೊಂಡರೂ, ಗೋಡೆ, ಕಂಬ ಹತ್ತಿಳಿಯುವುದೂ ಸೇರಿ 40 ಮೀಟರ್ ಹೋಗಿ ಬರಲು 7 ಓಮ್ ತಡೆ. ರಾತ್ರಿ ಐಆರ್ (ಕತ್ತಲಲ್ಲಿ ನೋಡಲು ಕ್ಯಾಮೆರಾದಲ್ಲಿರುವ ಇನ್‌ಫ್ರಾರೆಡ್ ದೀಪ) ಹೊತ್ತಿಕೊಂಡು ಕ್ಯಾಮೆರಾ ಅರ್ಧ ಆಂಪಿಯರ್ ಎಳೆದಾಗ ಮೂರೂವರೆ ವೋಲ್ಟ್ ದಾರಿಯಲ್ಲೇ ಮುಗಿದು, 12ರ ಬದಲು ಎಂಟೂವರೆ ತಲುಪುತ್ತದೆ. ಕ್ಯಾಮೆರಾ ಆಫ್ ಆಗುತ್ತದೆ, ಲೋಡ್ ಇಳಿದು ವೋಲ್ಟೇಜ್ ಏರಿ ಮತ್ತೆ ಆನ್ ಆಗುತ್ತದೆ, ಐಆರ್ ಹೊತ್ತಿ ಮತ್ತೆ ಆಫ್. ಹಗಲು ಸರಿಯಿದ್ದು ಕತ್ತಲಾದ ಮೇಲೆ ಮಾತ್ರ ಚಿತ್ರ ಹೋಗಿ ಬರುತ್ತಿದ್ದರೆ ಕಾರಣ ಹೆಚ್ಚಾಗಿ ಇದೇ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯಾದರೆ ಇನ್ನೂ ಕಷ್ಟ.

ಡಿವಿಆರ್ ಬದಲು ಪಿಒಇ ಇರುವ ಎನ್‌ವಿಆರ್ (ನೆಟ್‌ವರ್ಕ್ ರೆಕಾರ್ಡರ್), ಅದಕ್ಕೆ ಹೊಂದುವ ಐಪಿ ಕ್ಯಾಮೆರಾ, ಅಪ್ಪಟ ತಾಮ್ರದ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ತೆಗೆದುಕೊಳ್ಳಿ. ಪಿಒಇಯಲ್ಲಿ ಒಂದೇ ಕೇಬಲ್ಲಿನಲ್ಲಿ ಕರೆಂಟೂ ಚಿತ್ರವೂ 100 ಮೀಟರ್ ತನಕ ಹೋಗುತ್ತವೆ. 48 ವೋಲ್ಟಿನಲ್ಲಿ ಹೋಗುವುದರಿಂದ ನಿಮ್ಮ 40 ಮೀಟರಿಗೆ ಅರ್ಧ ವೋಲ್ಟೂ ಬೀಳುವುದಿಲ್ಲ. ಹೊರಗೆ ಹೋಗುವ ಕಡೆ ಬಿಸಿಲು ತಡೆಯುವ ಕಪ್ಪು ಹೊದಿಕೆಯ ಕೇಬಲ್ಲೇ ಆಗಬೇಕು. ಎನ್‌ವಿಆರ್ ಎಂಟು ಚಾನೆಲ್ಲಿನದು ಇರಲಿ, ಮುಂದೆ ಕೊಟ್ಟಿಗೆಗೆ, ಪಂಪ್‌ಶೆಡ್ಡಿಗೆ ಬೇಕೆನ್ನಿಸುತ್ತದೆ.

ಜೋಡಿಸುವಾಗ ಎದುರು ನಿಂತು ನೋಡಬೇಕಾದ್ದು ಒಂದಿದೆ. ಕ್ಯಾಮೆರಾದ ಡಬ್ಬಿಯಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ತಿರುಪು ಮುಚ್ಚಳ, ಅದರೊಳಗೆ ಒಂದು ರಬ್ಬರ್ ಬಳೆ ಇರುತ್ತದೆ. ಕೇಬಲ್ಲನ್ನು ಮೊದಲು ಅದರೊಳಗೆ ತೂರಿಸಿ, ಆಮೇಲೆ ತುದಿಗೆ ಆರ್‌ಜೆ 45 ಪ್ಲಗ್ ಕ್ರಿಂಪ್ ಮಾಡಬೇಕು (ಒತ್ತಿ ಕೂರಿಸಬೇಕು). ಮೊದಲೇ ಕ್ರಿಂಪ್ ಮಾಡಿದರೆ ತುದಿ ಅದರೊಳಗೆ ತೂರುವುದಿಲ್ಲ. ಆಗ ಮುಚ್ಚಳ ಕಸಕ್ಕೆ ಹೋಗಿ ಇನ್ಸುಲೇಶನ್ ಟೇಪ್ ಬರುತ್ತದೆ. ಒಂದು ಮಳೆಗಾಲಕ್ಕೆ ಪಿನ್ನುಗಳು ಹಸಿರು ಹಿಡಿಯುತ್ತವೆ. ಜೋಡಣೆ ಪಿವಿಸಿ ಪೆಟ್ಟಿಗೆಯೊಳಗಿರಲಿ, ಕೇಬಲ್ ಕೆಳಗಿನಿಂದ ಮೇಲೆ ಹತ್ತಿ ಪೆಟ್ಟಿಗೆ ಸೇರಲಿ.

ಉತ್ತರ 3

ಸಿಡಿಲಿನ ಊರಿನಲ್ಲಿ ಗೇಟಿನ ತನಕ ತಾಮ್ರ ಎಳೆಯಿರಿ ಎನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಹತ್ತಿರ ಎಲ್ಲೋ ಸಿಡಿಲು ಬಡಿದರೂ ಅಷ್ಟುದ್ದದ ತಂತಿಯಲ್ಲಿ ಏಳುವ ಸರ್ಜ್ (ದಿಢೀರ್ ಏರುವ ವೋಲ್ಟೇಜ್) ಎನ್‌ವಿಆರ್‌ನ ಪೋರ್ಟನ್ನೇ ಸುಡಬಹುದು. ಫೈಬರಿನಲ್ಲಿ ಕರೆಂಟು ಹೋಗುವುದಿಲ್ಲ, ಆದ್ದರಿಂದ ಗೇಟಿನಲ್ಲಿ ದೀಪಕ್ಕೆ ಲೈನ್ ಇದ್ದರೆ ಆ ಒಂದು ಓಟಕ್ಕೆ ಫೈಬರ್ ಹಾಕಿ, ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ನೆಟ್‌ವರ್ಕ್ ಕೇಬಲ್ಲಿಗೆ ಜೋಡಿಸುವ ಡಬ್ಬಿ). ಹೋದರೆ ಗೇಟಿನ ಕಡೆಯ ಸಾಮಾನು ಹೋಗುತ್ತದೆ, ರೆಕಾರ್ಡರಿಗೆ ಆ ದಾರಿಯಿಂದ ಏನೂ ಬರುವುದಿಲ್ಲ. ಲೋಹದ ತಂತಿಯ ಆಸರೆ ಇಲ್ಲದ ಫೈಬರ್ ಕೇಳಿ ತನ್ನಿ, ಇಲ್ಲದಿದ್ದರೆ ಆ ತಂತಿಯೇ ಸಿಡಿಲಿಗೆ ದಾರಿ. ಉಳಿದ ಮೂರಕ್ಕೆ ಕ್ಯಾಟ್ 6 ಸಾಕು. ಎನ್‌ವಿಆರ್ ಪ್ಲಗ್ಗಿಗೆ ನಿಜವಾದ ಅರ್ಥಿಂಗ್ ಬೇಕು.

ಇನ್ವರ್ಟರ್ ಇದ್ದರೆ ಅದನ್ನು ಯುಪಿಎಸ್ ಮೋಡಿಗೆ ಹಾಕಿ. ಮಾಮೂಲಿ ಮೋಡಿನಲ್ಲಿ ಕರೆಂಟು ಬದಲಾಗುವ ಕ್ಷಣದಲ್ಲಿ ರೆಕಾರ್ಡರ್ ರೀಸ್ಟಾರ್ಟ್ ಆಗಬಹುದು. ದಿನಕ್ಕೆ ಹತ್ತು ಸಲ ಹೀಗಾದರೆ ಡಿಸ್ಕ್ ಬಾಳುವುದಿಲ್ಲ.

ಉತ್ತರ 4

ಡಿಸ್ಕಿನ ಲೆಕ್ಕ: ಎಚ್.265 (ವಿಡಿಯೊ ಕುಗ್ಗಿಸುವ ವಿಧಾನ), ಸೆಕೆಂಡಿಗೆ 15 ಫ್ರೇಮ್, ಕ್ಯಾಮೆರಾಕ್ಕೆ 3 ಎಂಬಿಪಿಎಸ್ (ಸೆಕೆಂಡಿಗೆ 3 ಮೆಗಾಬಿಟ್) ಎಂದರೆ ದಿನಕ್ಕೆ 32 ಜಿಬಿ ಚಿಲ್ಲರೆ, ನಾಲ್ಕಕ್ಕೆ 130. 1 ಟಿಬಿ ಏಳು ದಿನ, 2 ಟಿಬಿ ಹದಿನೈದು, 4 ಟಿಬಿ ಒಂದು ತಿಂಗಳು. ಅಡಿಕೆ ಚೀಲ ಕಡಿಮೆಯಾದದ್ದು ತೂಕ ಹಾಕುವ ದಿನ ಗೊತ್ತಾಗುವಂಥದ್ದು, ಏಳು ದಿನ ಯಾವ ಮೂಲೆಗೆ? 4 ಟಿಬಿ ಹಾಕಿ. ಡಬ್ಲ್ಯೂಡಿ ಪರ್ಪಲ್ ಅಥವಾ ಸೀಗೇಟ್ ಸ್ಕೈಹಾಕ್ ಥರದ ಸರ್ವೇಲೆನ್ಸ್ ಡಿಸ್ಕೇ ಬೇಕು, ಹಗಲೂ ರಾತ್ರಿ ಬರೆಯುವುದಕ್ಕೆಂದೇ ಮಾಡಿದ್ದು ಅದು.

ಉತ್ತರ 5

ಮಲೆನಾಡಿನ ನಿಜವಾದ ಶತ್ರು ಜೇಡ. ಐಆರ್ ಬೆಳಕಿಗೆ ಹುಳು, ಹುಳಕ್ಕೆ ಜೇಡ, ಲೆನ್ಸಿನ ಮುಂದೆ ಬಲೆ. ಗಾಳಿಗೆ ಬಲೆ ಅಲುಗಿದರೆ ಸಾಕು, ರಾತ್ರಿಯಿಡೀ ಮೊಬೈಲಿಗೆ ಮೋಷನ್ ಅಲರ್ಟ್. ಅಂಗಳದ ಕ್ಯಾಮೆರಾದ ಐಆರ್ ಆರಿಸಿ, ಎರಡು ಮೀಟರ್ ಪಕ್ಕಕ್ಕೆ ಒಂದು ಎಲ್‌ಇಡಿ ಲೈಟ್ ಹಾಕಿ. ಹುಳುಗಳು ಅಲ್ಲಿಗೆ ಹೋಗುತ್ತವೆ, ಚಿತ್ರವೂ ಬಣ್ಣದಲ್ಲಿ ಬರುತ್ತದೆ. ಮೋಷನ್ ಬದಲು ಮನುಷ್ಯರನ್ನು ಗುರುತಿಸುವ ಅಲರ್ಟ್ ಆನ್ ಮಾಡಿ. ಸೂರಿನ ತಗಡು ಚೌಕಟ್ಟಿನೊಳಗೆ ಬರಬಾರದು. ಐಆರ್ ಅದಕ್ಕೆ ಬಡಿದು ಹಿಂದಿರುಗಿದರೆ ತಗಡು ಬೆಳ್ಳಗೆ ಹೊಳೆದು ಅಂಗಳ ಕಪ್ಪಾಗುತ್ತದೆ.

ಉತ್ತರ 6

ಬ್ರ್ಯಾಂಡ್ ಯಾವುದೂ ಆಗಲಿ, ಭದ್ರತಾ ಪರೀಕ್ಷೆ ಕಡ್ಡಾಯವಾದ 2025ರ ಏಪ್ರಿಲ್ 9ರ ನಂತರದ ಮಾಡೆಲ್ ಕೇಳಿ. ಡಬ್ಬಿಯ ಮೇಲಿನ ಆರ್ ನಂಬರನ್ನು (ಬಿಐಎಸ್ ನೋಂದಣಿ ಸಂಖ್ಯೆ) ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿ. ಹಳೆ ಸ್ಟಾಕು ಅಗ್ಗಕ್ಕೆ ಬರುತ್ತದೆ, ಬೇಡ.

ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಬೇಕು, ಅಂಗಡಿಯವರ ಮೊಬೈಲಿನಲ್ಲಲ್ಲ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳನ್ನು ವಶ ಮಾಡಿಕೊಂಡದ್ದು ಬರೀ ಕಾರ್ಖಾನೆಯ ಪಾಸ್‌ವರ್ಡಿನಿಂದ.

ರೆಕಾರ್ಡರಿನ ಗಡಿಯಾರವನ್ನು ಎನ್‌ಟಿಪಿಗೆ (ಇಂಟರ್ನೆಟ್ಟಿನಿಂದ ಸಮಯ ಸರಿಮಾಡುವ ವ್ಯವಸ್ಥೆ) ಜೋಡಿಸಿ, ಟೈಮ್ ಝೋನ್ ಪ್ಲಸ್ 5:30. ಕಳ್ಳತನವಾದರೆ ಪರದೆಯನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸಾಪ್ ಮಾಡಬೇಡಿ, ಪೆನ್‌ಡ್ರೈವಿಗೆ ಮೂಲ ಫೈಲ್ ಇಳಿಸಿ. ಕೋರ್ಟಿಗೆ ಕೊಡುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರಕ್ಕೆ ಫೈಲಿನ ಹ್ಯಾಶ್ ಸಂಖ್ಯೆ (ಫೈಲ್ ಬದಲಾಗಿಲ್ಲವೆಂದು ತೋರಿಸುವ ಗುರುತು) ಬೇಕಾಗುತ್ತದೆ. ಫೈಲ್ ಇಳಿಸುವುದು ಹೇಗೆಂದು ಫಿಟ್ಟಿಂಗ್ ದಿನವೇ ಹುಡುಗರಿಂದ ಒಮ್ಮೆ ಮಾಡಿಸಿ ನೋಡಿಕೊಳ್ಳಿ, ಬಾಕಿ ದುಡ್ಡು ಆಮೇಲೆ ಕೊಡಿ.